ಬೇಟೆ ರೈಫಲ್‌ಗೆ ಕೈಯಾರೆ ವಾಲ್ನಟ್ ಸ್ಟಾಕ್: ಮರ ಆರಿಸುವುದರಿಂದ ಗುಂಡು ಹಾರಿಸಿ ನೋಡುವವರೆಗೆ

ಕಸ್ಟಮ್ ರೈಫಲ್ ಅಂದ ತಕ್ಷಣ ಎಲ್ಲರ ಕಣ್ಣು ಹೋಗುವುದು ಅದರ ಸ್ಟಾಕ್‌ನ, ಅಂದರೆ ಲೋಹದ ಭಾಗಗಳನ್ನು ಹೊತ್ತ ಮರದ, ಚಿತ್ತಾರದ ಮೇಲೆ. ಜೇನಿನ ಬಣ್ಣ, ಅದರೊಳಗೆ ಸುಳಿದಾಡುವ ಕಪ್ಪು ಗೆರೆಗಳು, ಎಣ್ಣೆಯ ಹೊಳಪು. ಚೆಂದ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ರೈಫಲ್ ಮಳೆಗಾಲದಲ್ಲೂ ಬೇಸಿಗೆಯಲ್ಲೂ ಒಂದೇ ಜಾಗಕ್ಕೆ ಹೊಡೆಯುತ್ತದೋ ಇಲ್ಲವೋ ಅನ್ನುವುದು ಹೊರಗಿನಿಂದ ಕಾಣದ ಜಾಗದಲ್ಲಿ ತೀರ್ಮಾನವಾಗುತ್ತದೆ. ಮರ ಲೋಹವನ್ನು ಎಲ್ಲಿ ಮುಟ್ಟಬೇಕು, ಎಲ್ಲಿ ಮುಟ್ಟಲೇಬಾರದು, ಇಷ್ಟು ತಲೆಗೆ ಹತ್ತಿದರೆ ಅರ್ಧ ಕೆಲಸ ಗೊತ್ತಾದಂತೆ. ಉಳಿದ ಅರ್ಧ ತಾಳ್ಮೆ ಮತ್ತು ಹರಿತವಾದ ಉಳಿ.

ಇದು ಮರದ ಕೆಲಸದ ಮಾರ್ಗದರ್ಶಿ. ಬ್ಯಾರಲ್ (ಗುಂಡು ಹಾಯುವ ನಳಿಕೆ) ಕೂರಿಸುವುದು, ಚೇಂಬರ್ (ಅದರ ಹಿಂತುದಿಯಲ್ಲಿ ಗುಂಡು ಕೂರುವ ಗೂಡು) ಕೊರೆಯುವುದು, ಹೆಡ್‌ಸ್ಪೇಸ್ (ಆ ಗೂಡಿನಲ್ಲಿ ಗುಂಡಿಗೆ ಸಿಗುವ ಉದ್ದದ ಜಾಗ) ನೋಡುವುದು ಇದರಲ್ಲಿ ಇಲ್ಲ. ಅದೆಲ್ಲ ಲೈಸೆನ್ಸ್ ಇರುವ ಗನ್‌ಸ್ಮಿತ್ ಕೆಲಸ, ಅಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಮುಖದ ಮುಂದೆಯೇ ಅನಾಹುತ. ಬ್ಯಾರಲ್ ಮತ್ತು ಆ್ಯಕ್ಷನ್ (ಬೋಲ್ಟ್ ಮತ್ತು ಅದು ಓಡಾಡುವ ರಿಸೀವರ್ ಅನ್ನುವ ಲೋಹದ ಕವಚ ಸೇರಿದ ಭಾಗ) ಜೋಡಿಸಿ, ಪರೀಕ್ಷೆ ಮಾಡಿ ಕೊಟ್ಟದ್ದನ್ನು ತಂದು ಅದಕ್ಕೆ ಮರ ಹೊಂದಿಸುವುದು ನಮ್ಮ ಪಾಲಿನ ಕೆಲಸ. ಲೈಸೆನ್ಸ್, ಬೇಟೆಯ ಅನುಮತಿ ಎಲ್ಲವೂ ನೀವಿರುವ ದೇಶದ ಕಾನೂನಿನಂತೆ. ಮರಕ್ಕೆ ದುಡ್ಡು ಸುರಿಯುವ ಮೊದಲೇ ಅದನ್ನು ಸರಿಯಾಗಿ ಕೇಳಿ ತಿಳಿದುಕೊಳ್ಳಿ.

ಇನ್ನೊಂದು ಮಾತು. ಕೆಲಸಕ್ಕೆ ಕೂರುವ ಮೊದಲು ಬೋಲ್ಟ್, ಅಂದರೆ ಚೇಂಬರ್ ಮುಚ್ಚುವ ಜಾರುವ ಸರಳನ್ನು, ತೆಗೆದಿಡಿ, ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ನೋಡಿ. ಮರಗೆಲಸ ಮಾಡುವ ಕೋಣೆಯಲ್ಲಿ ಒಂದೇ ಒಂದು ಗುಂಡೂ ಇರಬಾರದು.

ಯಾವ ಆ್ಯಕ್ಷನ್ ಆದರೆ ಸುಲಭ

ಮೊದಲ ಸ್ಟಾಕ್ ಮಾಡುವವರಿಗೆ ರೆಮಿಂಗ್ಟನ್ 700 ಮಾದರಿಯ ಆ್ಯಕ್ಷನ್ ಹೇಳಿ ಮಾಡಿಸಿದಂತಿದೆ. 1962ರಲ್ಲಿ ಬಂದ ಈ ವಿನ್ಯಾಸದ ತಳ ದುಂಡಗಿದೆ. ದುಂಡನೆಯ ಹಳ್ಳ ಕೆತ್ತುವುದು, ಚಪ್ಪಟೆ ತಳ ಮತ್ತು ನೇರ ಗೋಡೆಗಳಿಗಿಂತ ಸುಲಭ. ಮೌಸರ್ 98 ಅಥವಾ ವಿಂಚೆಸ್ಟರ್ 70 ಆದರೆ ತಳ ಚಪ್ಪಟೆ. ಕೆತ್ತುವುದು ಕಷ್ಟ, ಆದರೆ ಸರಿಯಾಗಿ ಕೂತರೆ ಅತ್ತಿತ್ತ ತಿರುಗುವ ಮಾತೇ ಇಲ್ಲ. ನನ್ನನ್ನು ಕೇಳಿದರೆ ಮೌಸರ್ ಮೇಲೆ ಕೆಲಸ ಮಾಡುವ ಸುಖವೇ ಬೇರೆ. ಆದರೂ ಅದನ್ನು ಎರಡನೇ ರೈಫಲ್‌ಗೆ ಇಟ್ಟುಕೊಳ್ಳಿ.

ಎರಡರಲ್ಲೂ ರಿಕಾಯಿಲ್ ಲಗ್ ಎಲ್ಲಿದೆ ಅಂತ ಮೊದಲೇ ನೋಡಿಡಿ. ಮೌಸರ್‌ನಲ್ಲಿ ಅದು ರಿಸೀವರ್‌ನ ಮುಂಭಾಗದ ಕೆಳಗೆ ಅದರದೇ ಭಾಗವಾಗಿ ಇರುತ್ತದೆ. 700ರಲ್ಲಿ ಬ್ಯಾರಲ್ ಮತ್ತು ರಿಸೀವರ್ ನಡುವೆ ಸಿಕ್ಕಿಸಿದ ದಪ್ಪ ತಗಡು. ಗುಂಡು ಹಾರಿದಾಗ ಹಿಂದಕ್ಕೆ ಬರುವ ಒದೆತವನ್ನೆಲ್ಲ ಮರಕ್ಕೆ ದಾಟಿಸುವುದು ಈ ಸಣ್ಣ ತುಂಡು. ಮುಂದೆ ಇದರ ಮಾತು ಮತ್ತೆ ಮತ್ತೆ ಬರುತ್ತದೆ.

ಮರ

ವಾಲ್ನಟ್‌ನಲ್ಲಿ ಎರಡು ದೊಡ್ಡ ಗುಂಪು. ಒಂದು ನಾವು ಅಕ್ರೋಟ್ ತಿನ್ನುವ ಮರ, ಜಗ್ಲಾನ್ಸ್ ರೀಜಿಯಾ. ಇದನ್ನೇ ಇಂಗ್ಲಿಷ್ ವಾಲ್ನಟ್, ಫ್ರೆಂಚ್ ವಾಲ್ನಟ್, ಟರ್ಕಿಷ್ ವಾಲ್ನಟ್ ಅಂತ ಬೆಳೆದ ಜಾಗದ ಹೆಸರಲ್ಲಿ ಮಾರುತ್ತಾರೆ, ಜಾತಿ ಮಾತ್ರ ಒಂದೇ. ಎಳೆ ಒತ್ತಾಗಿರುತ್ತದೆ, ಸೂಕ್ಷ್ಮ ಕೆತ್ತನೆ ಚೆನ್ನಾಗಿ ಹಿಡಿಯುತ್ತದೆ. ಇನ್ನೊಂದು ಅಮೆರಿಕದ ಬ್ಲ್ಯಾಕ್ ವಾಲ್ನಟ್. ಬಣ್ಣ ಗಾಢ, ರಂಧ್ರಗಳು ಸ್ವಲ್ಪ ದೊಡ್ಡವು, ಬೆಲೆ ಸಾಮಾನ್ಯವಾಗಿ ಕಡಿಮೆ. ಅಮೆರಿಕದ ಸೈನ್ಯದ ಸ್ಪ್ರಿಂಗ್‌ಫೀಲ್ಡ್ 1903, ಎಂ1 ಗ್ಯಾರಂಡ್ ರೈಫಲ್‌ಗಳಿಗೆ ವಾಲ್ನಟ್ ಸ್ಟಾಕೇ ಇತ್ತು. ಗಟ್ಟಿತನದ ಬಗ್ಗೆ ಅನುಮಾನ ಬೇಡ. ಕ್ಯಾಲಿಫೋರ್ನಿಯಾದ ಕ್ಲಾರೋ ವಾಲ್ನಟ್ ನೋಡಲು ತುಂಬಾ ಚೆಂದ, ಆದರೆ ಕೆಲವು ತುಂಡು ಮೆದು. ಕ್ಲಾರೋ ಮತ್ತು ಇಂಗ್ಲಿಷ್ ವಾಲ್ನಟ್ ಬೆರಕೆಯಾದ ಬಾಸ್ಟೋನ್ ಗಟ್ಟಿಯೂ ಹೌದು, ದುಬಾರಿಯೂ ಹೌದು.

ವಾಲ್ನಟ್ಟೇ ಯಾಕೆ? ತೂಕ ಜಾಸ್ತಿ ಇಲ್ಲ, ಒಣಗಿದ ಮೇಲೆ ಅಲುಗಾಡುವುದು ಕಡಿಮೆ, ಏಟು ಬಿದ್ದರೆ ಗಾಜಿನ ಹಾಗೆ ಸಿಡಿಯುವುದಿಲ್ಲ, ಉಳಿಗೆ ಹಟ ಮಾಡುವುದಿಲ್ಲ. ಒಂದೊಂದು ಗುಣದಲ್ಲಿ ಇದನ್ನು ಮೀರಿಸುವ ಮರಗಳಿವೆ. ಎಲ್ಲ ಗುಣ ಒಟ್ಟಿಗೆ ಸಿಗುವುದು ಅಪರೂಪ.

ಸ್ಟಾಕ್‌ಗೆ ಸೀಳಿದ ಹಲಗೆಗೆ ಬ್ಲ್ಯಾಂಕ್ ಅನ್ನುತ್ತಾರೆ. ಸುಮಾರು 34 ಇಂಚು ಉದ್ದ, ಎರಡೂವರೆ ಇಂಚು ದಪ್ಪ, ಭುಜಕ್ಕೆ ಒರಗುವ ಬಟ್ ಕಡೆ 7 ಇಂಚಾದರೂ ಅಗಲ ಇರಲಿ. ಕೊಳ್ಳುವಾಗ ಚಿತ್ತಾರ ಆಮೇಲೆ ನೋಡಿ, ಮೊದಲು ಎಳೆ ಎತ್ತ ಹರಿಯುತ್ತದೆ ನೋಡಿ. ಪಕ್ಕದಿಂದ ಹಿಡಿದು ನೋಡಿದಾಗ ಮುಂಭಾಗದಲ್ಲಿ ಎಳೆ ಬ್ಯಾರಲ್‌ಗೆ ಸಮಾನಾಂತರವಾಗಿ ನೇರ ಹೋಗಬೇಕು. ಕೈ ಹಿಡಿಯುವ ಗ್ರಿಪ್ ಹತ್ತಿರ ಬಂದಾಗ ಅದರ ಬಾಗಿನ ಜೊತೆ ತಾನೂ ಕೆಳಗಿಳಿಯಬೇಕು. ಗ್ರಿಪ್ ಇಡೀ ಸ್ಟಾಕ್‌ನಲ್ಲೇ ಸಪೂರ ಜಾಗ. ಮೇಲಿನಿಂದ ಟ್ಯಾಂಗ್‌ಗೆ (ಆ್ಯಕ್ಷನ್‌ನ ಬಾಲಕ್ಕೆ) ಹಳ್ಳ, ಕೆಳಗಿನಿಂದ ಟ್ರಿಗರ್‌ಗೆ ಕಿಂಡಿ, ನಡುವೆ ಸ್ಕ್ರೂ ತೂತು. ಅಲ್ಲಿ ಎಳೆ ಅಡ್ಡಡ್ಡ ಹಾದುಹೋದರೆ ರೈಫಲ್ ಒಮ್ಮೆ ಕೈಜಾರಿ ಬಿದ್ದರೂ ಸಾಕು, ಎರಡು ತುಂಡು. ಚಿತ್ತಾರವೆಲ್ಲ ಬಟ್ ಭಾಗದಲ್ಲಿ ಇರಲಿ, ಗ್ರಿಪ್‌ನಿಂದ ಮುಂದಕ್ಕೆ ಮರ ಸಪ್ಪೆಯಾಗಿದ್ದಷ್ಟೂ ಒಳ್ಳೆಯದು. ಗಂಟು, ಸೀಳು, ತೊಗಟೆ ಒಳಸೇರಿದ ಗುರುತು ಇದ್ದರೆ ಬೇಡ. ಅಂಚಿನ ಬಿಳಿ ಭಾಗ ಬೇಡ, ಚೇಗೇ ಬೇಕು.

ಒಣಗಿದೆಯಾ ಅನ್ನುವುದಕ್ಕೆ ಮಾರುವವರ ಮಾತೊಂದೇ ಸಾಲದು. ಗಾಳಿಯಲ್ಲಿ ಒಣಗಲು ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೆಯ ಲೆಕ್ಕ, ಅಂದರೆ ಬ್ಲ್ಯಾಂಕ್‌ಗೆ ಎರಡೂವರೆ ವರ್ಷಕ್ಕೆ ಕಡಿಮೆ ಇಲ್ಲ. ತೇವಾಂಶ ಶೇಕಡಾ 6ರಿಂದ 8ಕ್ಕೆ ಬಂದರೆ ಕೆಲಸಕ್ಕೆ ಸರಿ, ತುಂಬಾ ತೇವದ ಹವೆಯಲ್ಲಿ ಇನ್ನೊಂಚೂರು ಹೆಚ್ಚಿರುತ್ತದೆ. ಮೀಟರ್ ಇಲ್ಲದಿದ್ದರೂ ಪರವಾಗಿಲ್ಲ. ಎರಡೂ ತುದಿಗೆ ಮೇಣ ಬಳಿದು ಕೆಲಸ ಮಾಡುವ ಕೋಣೆಯಲ್ಲೇ ಇಡಿ, ತಿಂಗಳಿಗೊಮ್ಮೆ ತೂಕ ಮಾಡಿ ಮರದ ಮೇಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ತೂಕ ಇಳಿಯುವುದು ನಿಂತ ಮೇಲೆ ಶುರು ಮಾಡಿ. ಹಸಿ ಮರದಲ್ಲಿ ಎಷ್ಟು ಚೆನ್ನಾಗಿ ಕೆತ್ತಿದರೂ ಆರು ತಿಂಗಳಿಗೆ ಅದು ತನ್ನ ದಾರಿ ಹಿಡಿಯುತ್ತದೆ.

ಅಳತೆ ತೆಗೆಯುವುದು

ಟ್ರಿಗರ್‌ನಿಂದ ಬಟ್‌ನ ಹಿಂತುದಿಯ ನಡುವಿನವರೆಗಿನ ದೂರ ಮುಖ್ಯ ಅಳತೆ. ಅಂಗಡಿಯಲ್ಲಿ ಸಿಗುವ ರೈಫಲ್‌ಗಳಲ್ಲಿ ಇದು ಸುಮಾರು 13½ರಿಂದ 13¾ ಇಂಚು. ಮೊಣಕೈ ಮಡಚಿ ಅಳೆಯುವ ಪದ್ಧತಿ ಒಂದಿದೆ, ನನಗೆ ಅದರಲ್ಲಿ ನಂಬಿಕೆ ಇಲ್ಲ. ಬೇಟೆಗೆ ಹೋಗುವಾಗ ಹಾಕುವ ಜಾಕೆಟ್ಟನ್ನೇ ಹಾಕಿಕೊಂಡು, ಯಾವುದಾದರೂ ಖಾಲಿ ರೈಫಲ್ ಹಿಡಿದು, ಕಣ್ಣು ಮುಚ್ಚಿ ಭುಜಕ್ಕೆ ತನ್ನಿ. ಆಮೇಲೆ ಕಣ್ಣು ಬಿಡಿ. ಸ್ಕೋಪ್‌ನಲ್ಲಿ ಪೂರ್ತಿ ಚಿತ್ರ ಕಂಡರೆ ಅದು ನಿಮ್ಮ ಅಳತೆ. ತಲೆ ಮುಂದಕ್ಕೆ ಚಾಚಬೇಕಾಯಿತೋ, ಉದ್ದ ಜಾಸ್ತಿ. ಹೆಬ್ಬೆರಳು ಮೂಗಿಗೆ ತಾಗುವಂತಿದ್ದರೆ ಕಡಿಮೆ.

ಕೆನ್ನೆ ಒರಗುವ ಮೇಲಂಚಿಗೆ ಕೋಂಬ್ ಅನ್ನುತ್ತಾರೆ. ಸ್ಕೋಪ್ ಇರುವ ರೈಫಲ್‌ಗೆ ಅದು ಎತ್ತರವೂ ನೇರವೂ ಇರಬೇಕು, ಇಲ್ಲದಿದ್ದರೆ ಕೆನ್ನೆ ಗಾಳಿಯಲ್ಲಿ ತೇಲುತ್ತದೆ. ಆದರೆ ಬೋಲ್ಟ್ ಹಿಂದಕ್ಕೆ ಎಳೆದು ಹೊರತೆಗೆಯುವಾಗ ಅದು ಕೋಂಬ್‌ಗೆ ತಗುಲಬಾರದು. ಇದನ್ನು ಕಾಗದದ ಮೇಲೆ ಬಿಡಿಸುವಾಗಲೇ ನೋಡಿಕೊಳ್ಳಿ. ಕೋಂಬ್ ಮುಂದಿನಿಂದ ಹಿಂದಕ್ಕೆ ಇಳಿಯುತ್ತಾ ಹೋದರೆ ಒದೆತ ಬಂದಾಗ ಕೆನ್ನೆಗೆ ಪೆಟ್ಟು. ನೇರ ಇರಲಿ, ಇಲ್ಲವೇ ಹಿಂದಕ್ಕೆ ತುಸು ಏರಲಿ.

ಇವೆಲ್ಲ ಸೇರಿಸಿ ಗಟ್ಟಿ ರಟ್ಟಿನಲ್ಲಿ ಪಕ್ಕನೋಟದ ಅಚ್ಚು ಕತ್ತರಿಸಿ. ಅದನ್ನು ಬ್ಲ್ಯಾಂಕ್ ಮೇಲೆ ಇಟ್ಟು ಅತ್ತಿತ್ತ ಸರಿಸಿ, ಎಳೆಯ ಹರಿವು ಗ್ರಿಪ್‌ಗೆ ಒಪ್ಪುವ ಜಾಗ ಹುಡುಕಿ. ಈ ಹಂತಕ್ಕೆ ಆತುರ ಬೇಡ. ಎರಡು ದಿನ ಬಿಟ್ಟು ಮತ್ತೆ ನೋಡಿದರೆ ಇನ್ನೂ ಒಳ್ಳೆಯ ಜಾಗ ಕಾಣುವುದುಂಟು.

ಗೆರೆ ಮತ್ತು ತೂತು

ಬ್ಲ್ಯಾಂಕ್‌ನ ಮೇಲ್ಮುಖ ಮತ್ತು ಒಂದು ಪಕ್ಕವನ್ನು ತೋಪಡ ಹೊಡೆದು ಸಮ ಮಾಡಿ, ಮೂಲೆಮಟ್ಟ ಹಿಡಿದರೆ ಬೆಳಕು ನುಸುಳಬಾರದು. ನಂತರ ಮಧ್ಯರೇಖೆ. ಮೇಲೆ, ಎರಡೂ ತುದಿಯಲ್ಲಿ, ಕೆಳಗೆ, ಸುತ್ತ ಒಂದೇ ಗೆರೆ ಬಂದು ಸೇರಬೇಕು. ಚೂಪು ಚಾಕುವಿನಿಂದ ಗೀರಿ, ಪೆನ್ಸಿಲ್ ಗೆರೆ ಕೆಲಸದ ನಡುವೆ ಅಳಿಸಿಹೋಗುತ್ತದೆ. ಮುಂದಿನ ಎಲ್ಲ ಅಳತೆಗೂ ಈ ಗೆರೆಯೇ ಆಧಾರ, ಹಾಗಾಗಿ ಕೊನೆಯವರೆಗೂ ಅದನ್ನು ಉಳಿಸಿಕೊಳ್ಳಿ.

ಮರ ಇನ್ನೂ ಚೌಕವಾಗಿರುವಾಗಲೇ ಆ್ಯಕ್ಷನ್ನನ್ನು ಮರಕ್ಕೆ ಬಿಗಿಯುವ ಎರಡು ಗಾರ್ಡ್ ಸ್ಕ್ರೂಗಳ ತೂತುಗಳನ್ನು ಡ್ರಿಲ್ ಪ್ರೆಸ್‌ನಲ್ಲಿ ಕೊರೆಯಿರಿ. ಕೈ ಡ್ರಿಲ್ ಬೇಡ. ಎರಡೂವರೆ ಇಂಚು ಆಳದಲ್ಲಿ ಕೈ ಎಷ್ಟು ವಾಲುತ್ತದೆ ಅಂತ ನಮಗೇ ಗೊತ್ತಾಗುವುದಿಲ್ಲ. ಸದ್ಯಕ್ಕೆ ಸ್ಕ್ರೂ ಬಿಗಿಯಾಗಿ ಹೋಗುವಷ್ಟೇ ಅಗಲ ಇರಲಿ. ಇದಾದ ಮೇಲೆ ಬ್ಯಾಂಡ್ ಸಾದಲ್ಲಿ ಪಕ್ಕನೋಟವನ್ನು ಗೆರೆಯಿಂದ ಕಾಲು ಇಂಚು ಹೊರಗೆ ಕೊಯ್ಯಿರಿ. ಅಗಲವನ್ನು ಮುಟ್ಟಬೇಡಿ, ವೈಸ್‌ನಲ್ಲಿ ಹಿಡಿಯಲು ಸಮ ಪಕ್ಕಗಳು ಬೇಕು.

ಒಳಕೆತ್ತನೆ

ಇಡೀ ಕೆಲಸದ ಜೀವ ಇಲ್ಲಿದೆ. ಅರ್ಧಕ್ಕಿಂತ ಜಾಸ್ತಿ ಸಮಯವೂ ಇಲ್ಲೇ ಹೋಗುತ್ತದೆ.

ನಾನು ಕೆಳಗಿನ ಲೋಹದಿಂದ ಶುರು ಮಾಡುತ್ತೇನೆ, ಅಂದರೆ ಟ್ರಿಗರ್ ಗಾರ್ಡ್ (ಟ್ರಿಗರ್ ಸುತ್ತಲಿನ ಬಳೆ) ಮತ್ತು ಗುಂಡು ತುಂಬುವ ಮ್ಯಾಗಜೀನ್‌ನ ತಳ. ಮೇಲಿನಿಂದ ಶುರು ಮಾಡುವವರೂ ಇದ್ದಾರೆ, ಅವರದೂ ತಪ್ಪಲ್ಲ. ಗಾರ್ಡನ್ನು ಮಧ್ಯರೇಖೆಗೆ ಸರಿಯಾಗಿ ಇಟ್ಟು, ಸ್ಕ್ರೂ ತೂತಿಗೆ ಹೊಂದಿಸಿ, ಸುತ್ತ ಚಾಕುವಿನಿಂದ ಗೀರಿ. ಗೀರಿದ ಗೆರೆಯ ಒಳಗಡೆ ಅರ್ಧ ಮಿ.ಮೀ. ಬಿಟ್ಟು ಉಳಿ ಇಳಿಸಿ. ಕೊನೆಯ ಅರ್ಧ ಮಿ.ಮೀ. ಮಸಿ ಗುರುತು ನೋಡಿಕೊಂಡೇ ತೆಗೆಯಬೇಕು.

ಮಸಿ ಅಂದರೆ ದೀಪದ ಕಪ್ಪನ್ನು ಸ್ವಲ್ಪ ವ್ಯಾಸಲೀನ್ ಜೊತೆ ಕಲಸಿದ್ದು. ರೆಡಿಮೇಡ್ ಇನ್‌ಲೆಟ್ಟಿಂಗ್ ಬ್ಲ್ಯಾಕ್ ಕೂಡ ಸಿಗುತ್ತದೆ, ಪ್ರಶಿಯನ್ ಬ್ಲೂ ಕೂಡ ಆಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಲೋಹಕ್ಕೆ ಬಲು ತೆಳ್ಳಗೆ ಬಳಿಯಿರಿ. ಲೋಹವನ್ನು ಹಳ್ಳಕ್ಕೆ ಇಳಿಸಿ, ಪ್ಲಾಸ್ಟಿಕ್ ಸುತ್ತಿಗೆಯಿಂದ ಒಮ್ಮೆ ಮೆಲ್ಲಗೆ ತಟ್ಟಿ, ನೇರ ಮೇಲಕ್ಕೆ ಎತ್ತಿ. ಮರದ ಮೇಲೆ ಕಪ್ಪು ಚುಕ್ಕೆಗಳು ಕಾಣುತ್ತವೆ, ಅಲ್ಲಿ ಮಾತ್ರ ತಾಗುತ್ತಿದೆ ಅಂತ ಅರ್ಥ. ಆ ಚುಕ್ಕೆಗಳನ್ನಷ್ಟೇ ಕೆರೆಯಿರಿ. ಮತ್ತೆ ಇಳಿಸಿ, ತಟ್ಟಿ, ಎತ್ತಿ, ಕೆರೆಯಿರಿ. ಶುರುವಲ್ಲಿ ಐದಾರು ದೊಡ್ಡ ಚುಕ್ಕೆ ಬೀಳುತ್ತವೆ. ಲೋಹ ಕೆಳಗಿಳಿದಂತೆ ಚುಕ್ಕೆಗಳು ಸಣ್ಣದಾಗುತ್ತಾ, ಹೆಚ್ಚಾಗುತ್ತಾ ಹೋಗುತ್ತವೆ. ಕೊನೆಗೆ ತಳದ ತುಂಬ ಸಾಸಿವೆ ಚೆಲ್ಲಿದಂತೆ ಒಂದೇ ಸಮ ಬಿದ್ದರೆ ಅಲ್ಲಿಗೆ ನಿಲ್ಲಿಸಿ.

ಲೋಹ ಎತ್ತುವಾಗ ಅಲುಗಾಡಿಸಿ ಎತ್ತಿದರೆ ಹಳ್ಳದ ಬಾಯಿ ಅಗಲವಾಗುತ್ತದೆ, ಆ ಸಂದು ಕೊನೆಯವರೆಗೂ ಕಣ್ಣಿಗೆ ಹೊಡೆಯುತ್ತದೆ. ಇದಕ್ಕಾಗಿಯೇ ಗೈಡ್ ಸ್ಕ್ರೂಗಳನ್ನು ಬಳಸುತ್ತಾರೆ. ತಲೆ ಇಲ್ಲದ, ಉದ್ದನೆಯ ಸ್ಕ್ರೂಗಳು. ಇವನ್ನು ಆ್ಯಕ್ಷನ್‌ಗೆ ತಿರುಗಿಸಿ ತೂತುಗಳೊಳಗೆ ಇಳಿಬಿಟ್ಟರೆ ಆ್ಯಕ್ಷನ್ ಪ್ರತಿಸಲ ಅದೇ ದಾರಿಯಲ್ಲಿ ಇಳಿದು ಅದೇ ದಾರಿಯಲ್ಲಿ ಏಳುತ್ತದೆ.

ಗಾರ್ಡ್ ಕೂತ ಮೇಲೆ ಆ್ಯಕ್ಷನ್. ಮೊದಲು ಬ್ಯಾರಲ್‌ನ ಹಳ್ಳವನ್ನು ಗುಂಡುಳಿಯಿಂದ ಒರಟಾಗಿ ತೆಗೆಯಿರಿ, ಆಗ ಆ್ಯಕ್ಷನ್ ಮರದ ಹತ್ತಿರ ಬರುತ್ತದೆ. ರಿಸೀವರ್‌ನ ಸುತ್ತ ಗೀರಿ, ಮಸಿ ಹಚ್ಚಿ, ಮೇಲೆ ಹೇಳಿದ ಕ್ರಮದಲ್ಲೇ ಇಳಿಸುತ್ತಾ ಹೋಗಿ. ಬ್ಯಾರಲ್‌ನ ಅರ್ಧ ದಪ್ಪ ಮರದೊಳಗೆ ಹೋದಾಗ ಆಳ ಸರಿ. ಉಳಿ ಯಾವಾಗಲೂ ರೋಮ ಬೋಳಿಸುವಷ್ಟು ಹರಿತ ಇರಲಿ. ಮೊಂಡು ಉಳಿಗೆ ಬಲ ಹಾಕಬೇಕಾಗುತ್ತದೆ, ಬಲ ಹಾಕಿದಾಗಲೇ ಅಂಚು ಚಕ್ಕೆ ಏಳುವುದು. ಉಳಿಯನ್ನು ಸನ್ನೆಕೋಲಿನಂತೆ ಮೀಟಬೇಡಿ, ಚಕ್ಕೆ ತಾನಾಗಿ ಬರಲಿಲ್ಲ ಅಂದರೆ ಇನ್ನೂ ಕೊಯ್ದಿಲ್ಲ ಅಂತ.

ಈಗ ಮುಟ್ಟುವ, ಮುಟ್ಟದ ಜಾಗಗಳ ವಿಷಯ.

ರಿಕಾಯಿಲ್ ಲಗ್‌ನ ಹಿಂದಿನ ಮುಖ ಮರಕ್ಕೆ ಪೂರ್ತಿ ಒತ್ತಿಕೊಂಡಿರಬೇಕು. ಅದರ ಮುಂದೆ, ಪಕ್ಕದಲ್ಲಿ, ಕೆಳಗೆ ತುಸು ಜಾಗ ಬಿಡಿ. ಎಲ್ಲ ಕಡೆ ಬಿಗಿ ಮಾಡಿದರೆ ಲೋಹ ಪ್ರತಿಸಲ ಒಂದೇ ರೀತಿ ಕೂರುವುದಿಲ್ಲ.

ಟ್ಯಾಂಗ್, ಅಂದರೆ ಆ್ಯಕ್ಷನ್‌ನ ಬಾಲ, ಇದರ ಹಿಂತುದಿ ಮರವನ್ನು ಮುಟ್ಟಲೇಬಾರದು. ಅರ್ಧ ಮಿ.ಮೀ. ಸಂದು ಬಿಡಿ. ಒದೆತಕ್ಕೆ ಆ್ಯಕ್ಷನ್ ಕೂದಲೆಳೆಯಷ್ಟು ಹಿಂದಕ್ಕೆ ಸರಿದರೂ ಟ್ಯಾಂಗ್ ಬೆಣೆಯಂತೆ ಗ್ರಿಪ್ ಸೀಳುತ್ತದೆ. ಹಳೆಯ ರೈಫಲ್‌ಗಳಲ್ಲಿ ಟ್ಯಾಂಗ್‌ನ ಹಿಂದೆ ಉದ್ದ ಬಿರುಕು ಕಾಣುತ್ತದಲ್ಲ, ಬಹುಪಾಲು ಅದಕ್ಕೆ ಕಾರಣ ಇದೇ. ಸಂದು ಕಂಡರೆ ಕೆಲಸಗಾರ ಒಳ್ಳೆಯವನಲ್ಲ ಅಂತ ಕೆಲವರು ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ, ಸ್ಟಾಕ್ ಮುರಿಯದಿದ್ದರೆ ಸಾಕು.

ಸ್ಕ್ರೂಗಳ ನಡು ತೂತಿನ ಗೋಡೆಗೆ ತಾಗಬಾರದು. ಒಳಕೆತ್ತನೆ ಮುಗಿದ ಮೇಲೆ ತೂತುಗಳನ್ನು ಸ್ವಲ್ಪ ಅಗಲ ಮಾಡಿ. ಒದೆತ ತಾಳಬೇಕಾದ್ದು ಲಗ್, ಸ್ಕ್ರೂ ಅಲ್ಲ.

ಮ್ಯಾಗಜೀನ್ ಡಬ್ಬಿ ಬೇರೆ ತುಂಡಾಗಿದ್ದರೆ ಅದು ಮೇಲೆ ಕೆಳಗೆ ಒಂಚೂರು ಸಡಿಲ ಇರಬೇಕು. ರಿಸೀವರ್ ಮತ್ತು ಗಾರ್ಡ್ ನಡುವೆ ಅದು ಸಿಕ್ಕಿಹಾಕಿಕೊಂಡರೆ ನೀವು ಸ್ಕ್ರೂ ಬಿಗಿಮಾಡಿದಾಗ ಒತ್ತಡ ಮರಕ್ಕೆ ಹೋಗದೆ ಡಬ್ಬಿಗೆ ಹೋಗುತ್ತದೆ. ಗುಂಡು ಎಲ್ಲೆಲ್ಲೋ ಬೀಳುತ್ತಿದೆ, ಕಾರಣ ಗೊತ್ತಾಗುತ್ತಿಲ್ಲ ಅನ್ನುವವರು ಮೊದಲು ಇಲ್ಲಿ ನೋಡಬೇಕು.

ಟ್ರಿಗರ್, ಸೇಫ್ಟಿ, ಬೋಲ್ಟ್ ಹಿಡಿಕೆ ಇವು ಮೂರೂ ಮರಕ್ಕೆ ಎಲ್ಲೂ ಉಜ್ಜಬಾರದು. ಇದು ನಿಖರತೆಯ ಮಾತಲ್ಲ, ಜೀವದ ಮಾತು. ಟ್ರಿಗರ್ ಮರಕ್ಕೆ ಸಿಕ್ಕಿ ಅರ್ಧದಲ್ಲಿ ನಿಂತರೆ ರೈಫಲ್ ತನ್ನಷ್ಟಕ್ಕೆ ಹಾರಬಹುದು. ಬೋಲ್ಟ್ ಹಿಡಿಕೆ ಪೂರ್ತಿ ಕೆಳಗಿಳಿಯಬೇಕು, ಅದರ ಕೆಳಗೆ ಒಂದು ದಪ್ಪ ಕಾಗದ ಓಡಾಡುವಷ್ಟು ಜಾಗ ಉಳಿಯಬೇಕು.

ಬ್ಯಾರಲ್ ಬಗ್ಗೆ ಎರಡು ಪಂಥ. ಮರ ಬ್ಯಾರಲ್‌ನ ತುದಿಯಲ್ಲಿ ಮೇಲಕ್ಕೆ ಸ್ವಲ್ಪ ಒತ್ತುವಂತೆ ಬಿಡುವುದು ಹಳೆಯದು. ರಿಸೀವರ್ ದಾಟಿದ ಮೇಲೆ ಬ್ಯಾರಲ್ ಎಲ್ಲೂ ಮುಟ್ಟದಂತೆ ತೇಲಿಬಿಡುವುದು ಇನ್ನೊಂದು. ತೆಳ್ಳನೆಯ ಬ್ಯಾರಲ್‌ಗಳು ಕೆಲವೊಮ್ಮೆ ಒತ್ತಡವನ್ನೇ ಇಷ್ಟಪಡುತ್ತವೆ. ಆದರೂ ಮರದ ಸ್ಟಾಕ್‌ಗೆ ತೇಲಿಬಿಡುವುದೇ ನನ್ನ ಸಲಹೆ. ಹವೆ ಬದಲಾದಾಗ ಮರ ಕೊಂಚ ಬಾಗುತ್ತದೆ, ಮುಟ್ಟುತ್ತಿದ್ದರೆ ಗುಂಡಿನ ಜಾಗವೂ ಬದಲಾಗುತ್ತದೆ. ಸುತ್ತ ಒಂದರಿಂದ ಒಂದೂವರೆ ಮಿ.ಮೀ. ಸಂದು ಸಾಕು.

ಬೆಡ್ಡಿಂಗ್

ಲೋಹ ಕೂರುವ ಹಳ್ಳದಲ್ಲಿ ಎಪಾಕ್ಸಿ ಅನ್ನುವ ಗಟ್ಟಿಯಾಗುವ ಅಂಟು ಹಾಕಿ ಲೋಹದ ಅಚ್ಚು ಮೂಡಿಸುವುದಕ್ಕೆ ಬೆಡ್ಡಿಂಗ್ ಅನ್ನುತ್ತಾರೆ. ಮಸಿ ಹಿಡಿದು ಕೆತ್ತಿದ್ದು ಅಷ್ಟು ಚೆನ್ನಾಗಿ ಕೂತಿರುವಾಗ ಎಪಾಕ್ಸಿ ಯಾಕೆ ಅಂತ ಕೇಳಬಹುದು. ಎಪಾಕ್ಸಿ ತೇವಕ್ಕೆ ಉಬ್ಬುವುದಿಲ್ಲ, ಒತ್ತಡಕ್ಕೆ ಕುಗ್ಗುವುದಿಲ್ಲ. ಲಗ್‌ನ ಹಿಂದೆ ಮತ್ತು ಟ್ಯಾಂಗ್‌ನ ಕೆಳಗೆ ತೆಳು ಪದರ ಹಾಕಿದರೆ ಮರದ ಚಂಚಲತೆ ಅಷ್ಟರಮಟ್ಟಿಗೆ ಕಡಿಮೆ. ಅದು ಕೆಟ್ಟ ಕೆತ್ತನೆ ಮುಚ್ಚುವ ಪುಟ್ಟಿ ಆಗಬಾರದು, ಅಷ್ಟೇ.

ಸ್ಕ್ರೂ ತೂತುಗಳಲ್ಲಿ ಅಲ್ಯೂಮಿನಿಯಂ ಕೊಳವೆ ಕೂರಿಸುವುದಕ್ಕೆ ಪಿಲ್ಲರ್ ಬೆಡ್ಡಿಂಗ್ ಅನ್ನುತ್ತಾರೆ. ಸ್ಕ್ರೂ ಎಷ್ಟು ಬಿಗಿ ಮಾಡಿದರೂ ಮರ ಅಮುಕುವುದಿಲ್ಲ. ಜಾಸ್ತಿ ಒದೆತದ ಕ್ಯಾಲಿಬರ್ ಆದರೆ ಇದನ್ನು ಬಿಡಬೇಡಿ.

ಎಪಾಕ್ಸಿ ಹಾಕುವ ಮೊದಲು ಲೋಹಕ್ಕೆ ಅಂಟು ಹಿಡಿಯದಂತೆ ತಡೆಯುವ ರಿಲೀಸ್ ಏಜೆಂಟ್ ಎರಡು ಕೋಟು, ಅದು ಇಲ್ಲದಿದ್ದರೆ ಬಣ್ಣವಿಲ್ಲದ ಶೂ ಪಾಲಿಶ್. ಎಪಾಕ್ಸಿ ನುಗ್ಗಬಹುದಾದ ಪ್ರತಿ ತೂತು, ಸಂದಿಗೂ ಆಟದ ಜೇಡಿಮಣ್ಣು ತುಂಬಿ. ಒಂದು ಸಣ್ಣ ಅಡ್ಡ ತೂತು ಬಿಟ್ಟುಹೋದರೂ ಎಪಾಕ್ಸಿ ಅದರೊಳಗೆ ಗಟ್ಟಿಯಾಗಿ ಬೀಗ ಹಾಕುತ್ತದೆ, ಆಮೇಲೆ ಲೋಹ ತೆಗೆಯಲು ಸ್ಟಾಕನ್ನೇ ಒಡೆಯಬೇಕು. ಲಗ್‌ನ ಮುಂದೆ, ಪಕ್ಕ ಮತ್ತು ತಳಕ್ಕೆ ಒಂದು ಪದರ ಟೇಪ್ ಅಂಟಿಸಿ, ಬೇಕಾದ ಸಂದು ತಾನಾಗಿ ಸಿಗುತ್ತದೆ. ಹಿಂದಿನ ಮುಖಕ್ಕೆ ಟೇಪ್ ಬೇಡ. ಸ್ಕ್ರೂಗಳನ್ನು ತಾಗುವಷ್ಟೇ ತಿರುಗಿಸಿ, ಬಿಗಿ ಮಾಡಿದರೆ ಆ್ಯಕ್ಷನ್ ಬಾಗಿದ ಸ್ಥಿತಿಯಲ್ಲೇ ಅಚ್ಚು ಬೀಳುತ್ತದೆ. ಉಕ್ಕಿ ಬಂದದ್ದನ್ನು ಹತ್ತಿ ಕಡ್ಡಿಯಿಂದ ತಕ್ಷಣ ಒರೆಸಿ, ಒಂದು ದಿನ ಮುಟ್ಟಬೇಡಿ.

ಸರಿಯಾಗಿದೆಯಾ ಅಂತ ನೋಡಲು ಎರಡೂ ಸ್ಕ್ರೂ ಬಿಗಿ ಮಾಡಿ, ಬ್ಯಾರಲ್ ಮತ್ತು ಮರದ ತುದಿ ಎರಡನ್ನೂ ಒಟ್ಟಿಗೆ ಬೆರಳಲ್ಲಿ ಹಿಡಿದು ಮುಂದಿನ ಸ್ಕ್ರೂ ಸಡಿಲಿಸಿ. ಬೆರಳಿಗೆ ಅಲುಗಾಟ ಗೊತ್ತಾದರೆ ಎಲ್ಲೋ ಬಾಗಿ ಕೂತಿದೆ ಅಂತ. ಮತ್ತೆ ಮಸಿ ಹಚ್ಚಿ ನೋಡಿ.

ಹೊರಗಿನ ಆಕಾರ

ಇಲ್ಲಿಂದ ಕೆಲಸ ವೇಗ ಹಿಡಿಯುತ್ತದೆ, ಖುಷಿಯೂ ಆಗುತ್ತದೆ. ಮೊದಲು ಪಕ್ಕನೋಟವನ್ನು ಗೆರೆಗೆ ತನ್ನಿ, ನಂತರ ಮೇಲುನೋಟ. ಆಮೇಲೆ ಚೌಕವನ್ನು ಎಂಟು ಮೂಲೆ ಮಾಡಿ, ಎಂಟನ್ನು ಹದಿನಾರು ಮಾಡಿ, ಕೊನೆಗೆ ದುಂಡಗೆ. ನೇರ ದುಂಡಗೆ ಮಾಡಲು ಹೋದರೆ ಎಡಬಲ ಸಮ ಬರುವುದಿಲ್ಲ. ಒರಟು ಅರದಿಂದ ತೆಗೆದು, ನಯ ಅರದಿಂದ ಸಮ ಮಾಡಿ.

ಗ್ರಿಪ್ ಸುತ್ತಳತೆ ನಾಲ್ಕೂವರೆಯಿಂದ ಐದು ಇಂಚಿನ ಒಳಗೆ ಇದ್ದರೆ ಹೆಚ್ಚಿನ ಕೈಗಳಿಗೆ ಒಪ್ಪುತ್ತದೆ. ಕಣ್ಣು ಮುಚ್ಚಿ ಹಿಡಿದು ನೋಡುತ್ತಾ ತೆಗೆಯಿರಿ. ದಪ್ಪ ಅನಿಸಿದರೆ ಇನ್ನೂ ತೆಗೆಯಬಹುದು, ತೆಳು ಆದ ಮೇಲೆ ಏನೂ ಮಾಡಲಾಗುವುದಿಲ್ಲ. ಬಟ್‌ನ ಕೆಳಗಿನ ಗೆರೆ ಗ್ರಿಪ್‌ನಿಂದ ತುದಿಯವರೆಗೆ ಸ್ಕೇಲ್ ಇಟ್ಟಂತೆ ನೇರ ಇರಲಿ. ಅದು ಹೊಟ್ಟೆ ಬಂದರೆ ಇಡೀ ಸ್ಟಾಕ್ ಜೋಲು ಬಿದ್ದಂತೆ ಕಾಣುತ್ತದೆ. ಲೋಹದ ಅಂಚಿನ ಹತ್ತಿರದ ಮರವನ್ನು ಮಾತ್ರ ಈಗಲೇ ಇಳಿಸಬೇಡಿ, ಲೋಹಕ್ಕಿಂತ ಒಂಚೂರು ಎತ್ತರವೇ ಇರಲಿ.

ಉದ್ದವನ್ನು ಕೊನೆಯಲ್ಲಿ ಕೊಯ್ಯಿರಿ, ರಬ್ಬರ್ ಪ್ಯಾಡ್‌ನ ದಪ್ಪ ಕಳೆಯುವುದು ಮರೆಯಬೇಡಿ. ಪ್ಯಾಡನ್ನು ಸ್ಕ್ರೂ ಹಾಕಿ ಕೂರಿಸಿ, ಮರಕ್ಕೆ ಸಮನಾಗಿ ಉಜ್ಜಿ ಇಳಿಸಿ.

ಉಜ್ಜುವುದು

80ರ ಉಪ್ಪು ಕಾಗದದಿಂದ ಶುರು ಮಾಡಿ 120, 180, 220, 320 ಅಂತ ಹೋಗಿ. ಒಂದನ್ನೂ ಹಾರಿಸಬೇಡಿ, ಹಾರಿಸಿದ ಗೀರು ಎಣ್ಣೆ ಬಿದ್ದ ದಿನ ಎದ್ದು ಕಾಣುತ್ತದೆ. ಕಾಗದದ ಹಿಂದೆ ಯಾವಾಗಲೂ ಒಂದು ತುಂಡು ಮರ ಅಥವಾ ಗಟ್ಟಿ ರಬ್ಬರ್ ಇರಲಿ. ಬರಿ ಬೆರಳಿಂದ ಉಜ್ಜಿದರೆ ಮೆದು ಎಳೆ ತಗ್ಗಾಗಿ ಅಲೆ ಅಲೆ ಆಗುತ್ತದೆ. ಪ್ಯಾಡ್, ಗಾರ್ಡ್, ಆ್ಯಕ್ಷನ್ ಎಲ್ಲ ಜಾಗದಲ್ಲೇ ಇಟ್ಟು, ಲೋಹಕ್ಕೆ ಟೇಪ್ ಹಾಕಿ ಉಜ್ಜಿ. ಅಂಚುಗಳು ಚೂಪಾಗಿ ಉಳಿಯುತ್ತವೆ.

ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಬೇಗ ಒಣಗಿಸಿ. ಮರದ ನವಿರು ಎಳೆಗಳು ಗಡ್ಡದಂತೆ ಏಳುತ್ತವೆ, ಹೊಸ ಕಾಗದದಿಂದ ಮೆಲ್ಲಗೆ ಬೋಳಿಸಿ. ಎಳೆ ಏಳುವುದು ನಿಲ್ಲುವವರೆಗೆ ಇದನ್ನೇ ಮಾಡಿ, ಇಲ್ಲದಿದ್ದರೆ ಮೊದಲ ಮಳೆಗೇ ಸ್ಟಾಕ್ ಒರಟಾಗುತ್ತದೆ. ಸ್ಟೀಲ್ ವುಲ್ (ಉಕ್ಕಿನ ಎಳೆಗಳ ಉಂಡೆ) ಬಳಸಬೇಡಿ. ಕಬ್ಬಿಣದ ಚೂರು ರಂಧ್ರದಲ್ಲಿ ಉಳಿದು, ತೇವ ತಾಗಿದರೆ ವಾಲ್ನಟ್‌ನ ಒಗರಿನ ಜೊತೆ ಸೇರಿ ಕಪ್ಪು ಕಲೆ ಬೀಳುತ್ತದೆ.

ಮಾಸ್ಕ್ ಹಾಕಿಕೊಳ್ಳಿ. ವಾಲ್ನಟ್ ಧೂಳು ಚರ್ಮಕ್ಕೂ ಉಸಿರಿಗೂ ಆಗುವುದಿಲ್ಲ. ಅಂದಹಾಗೆ, ಬ್ಲ್ಯಾಕ್ ವಾಲ್ನಟ್ ಹೊಟ್ಟನ್ನು ಕುದುರೆ ಲಾಯದಲ್ಲಿ ಹಾಸಿದರೆ ಕುದುರೆಗಳ ಗೊರಸಿಗೆ ರೋಗ ಬರುತ್ತದೆ. ಹೊಟ್ಟು ಚೆಲ್ಲುವಾಗ ನೆನಪಿರಲಿ.

ಎಣ್ಣೆ

ಅಗಸೆ ಎಣ್ಣೆ, ಟಂಗ್ ಎಣ್ಣೆ, ಇಲ್ಲವೇ ಟ್ರೂ-ಆಯಿಲ್‌ನಂಥ ಬಾಟಲಿಯಲ್ಲಿ ಬರುವ ಮಿಶ್ರಣ. ಬರೀ ಅಗಸೆ ಎಣ್ಣೆಯ ಬಣ್ಣಕ್ಕೆ ಸಾಟಿಯಿಲ್ಲ, ಆದರೆ ನಿಧಾನ ಒಣಗುತ್ತದೆ, ಗಾಳಿಯ ತೇವವನ್ನು ಅಷ್ಟಾಗಿ ತಡೆಯುವುದಿಲ್ಲ. ಬೇಟೆಗೆ ಒಯ್ಯುವ ರೈಫಲ್‌ಗೆ ಟಂಗ್ ಎಣ್ಣೆ ಮತ್ತು ವಾರ್ನಿಶ್ ಬೆರೆಸಿದ್ದು ಮೇಲು.

ಮೊದಲ ಕೋಟು ತೆಳುವಾಗಿ, ಮರ ಕುಡಿಯುವಷ್ಟು. ಅದು ಒಣಗಿದ ಮೇಲೆ ಎಣ್ಣೆ ಹಚ್ಚಿಕೊಂಡೇ 320ರ ನೀರು ಕಾಗದದಿಂದ ಉಜ್ಜಿ. ಮರದ ಹುಡಿ ಮತ್ತು ಎಣ್ಣೆ ಸೇರಿ ಕಂದು ಕೆಸರಾಗುತ್ತದೆ, ಅದನ್ನು ಅಂಗೈಯಿಂದ ರಂಧ್ರಗಳಿಗೆ ತಿಕ್ಕಿ ಒಣಗಲು ಬಿಡಿ. ಬೆಳಕಿಗೆ ಓರೆಯಾಗಿ ಹಿಡಿದಾಗ ಒಂದೂ ರಂಧ್ರ ಕಾಣದಂತಾಗುವವರೆಗೆ ಇದು ನಡೆಯಲಿ. ಅದಾದ ಮೇಲೆ ಬೆರಳ ತುದಿಯಲ್ಲಿ ಒಂದೆರಡು ಹನಿ ಮಾತ್ರ, ಬಿಸಿಯಾಗುವಂತೆ ತಿಕ್ಕುತ್ತಾ, ದಿನಕ್ಕೊಂದು ಕೋಟು.

ಒಳಗಡೆ, ಬ್ಯಾರಲ್ ಹಳ್ಳದಲ್ಲಿ, ಪ್ಯಾಡ್‌ನ ಕೆಳಗೆ, ಸ್ಕ್ರೂ ತೂತುಗಳಲ್ಲೂ ಎಣ್ಣೆ ಅಥವಾ ವಾರ್ನಿಶ್ ಹಚ್ಚಲೇಬೇಕು. ಕಾಣುವುದಿಲ್ಲ ಅಂತ ಜನ ಬಿಡುವುದೇ ಇಲ್ಲಿ, ನೀರು ಹೀರುವುದೂ ಇಲ್ಲೇ.

ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ಬೆಂಕಿ ತಾನಾಗಿ ಹತ್ತುತ್ತದೆ. ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ.

ಚೆಕ್ಕರಿಂಗ್

ಗ್ರಿಪ್ ಮತ್ತು ಮುಂಭಾಗದಲ್ಲಿ ಕಾಣುವ ವಜ್ರಾಕಾರದ ಗೀರುಗಳು ಅಲಂಕಾರಕ್ಕಷ್ಟೇ ಅಲ್ಲ, ಒದ್ದೆ ಕೈ ಜಾರಬಾರದು ಅಂತ ಇವೆ. ಎಣ್ಣೆ ಪೂರ್ತಿ ಒಣಗಿದ ಮೇಲೆ ಈ ಕೆಲಸ. ಇಂಚಿಗೆ 18 ಅಥವಾ 20 ಗೆರೆಯಿಂದ ಶುರು ಮಾಡಿ, 24 ಗೆರೆ ಕೈ ಪಳಗಿದ ಮೇಲೆ. ಒಂದರ ಮೇಲೊಂದು ಓರೆಯಾಗಿ ಎರಡು ಮೂಲ ಗೆರೆ ಎಳೆದರೆ ವಜ್ರದ ಉದ್ದ ಅಗಲದ ಮೂರು ಪಟ್ಟು ಬರುವಂತಿರಲಿ. ಉಳಿದ ಗೆರೆಗಳೆಲ್ಲ ಇವೆರಡರ ಮಕ್ಕಳು, ಮೂಲ ಗೆರೆ ವಕ್ರವಾದರೆ ಎಲ್ಲವೂ ವಕ್ರ. ಎರಡು ಹಲ್ಲಿನ ಕಟರ್‌ನ ಒಂದು ಹಲ್ಲು ಹಿಂದಿನ ಗೆರೆಯಲ್ಲಿ ಓಡಿದರೆ ಇನ್ನೊಂದು ಹೊಸ ಗೆರೆ ಹಾಕುತ್ತದೆ. ಮೊದಲು ಎಲ್ಲ ಗೆರೆ ತೆಳುವಾಗಿ, ಆಮೇಲೆ ಹಂತಹಂತವಾಗಿ ಆಳ. ಸ್ಟಾಕ್ ಮುಟ್ಟುವ ಮೊದಲು ಉಳಿದ ವಾಲ್ನಟ್ ತುಂಡುಗಳನ್ನು ದುಂಡಗೆ ಮಾಡಿ ಅದರ ಮೇಲೆ ಸಾಕಷ್ಟು ಅಭ್ಯಾಸ ಮಾಡಿ. ಕೈ ಕೂರದಿದ್ದರೆ ಚೆಕ್ಕರಿಂಗ್ ಇಲ್ಲದೇ ಬಿಡಿ. ಕೆಟ್ಟ ಚೆಕ್ಕರಿಂಗ್‌ಗಿಂತ ನಯವಾದ ಮರ ಎಷ್ಟೋ ವಾಸಿ.

ಜೋಡಣೆ, ಪರೀಕ್ಷೆ

ಸ್ಕ್ರೂಗಳನ್ನು ಟಾರ್ಕ್ ಡ್ರೈವರ್‌ನಲ್ಲಿ ಬಿಗಿಮಾಡಿ. ಪಿಲ್ಲರ್ ಇಲ್ಲದ ಮರಕ್ಕೆ 4ರಿಂದ 5 ನ್ಯೂಟನ್ ಮೀಟರ್ ಸಾಕು, ಪಿಲ್ಲರ್ ಇದ್ದರೆ 7ರವರೆಗೆ. ಆ್ಯಕ್ಷನ್ ತಯಾರಕರು ಬೇರೆ ಹೇಳಿದ್ದರೆ ಅದೇ ಸರಿ. ಒಂದು ನೋಟನ್ನು ಬ್ಯಾರಲ್ ಕೆಳಗೆ ತೂರಿಸಿ ರಿಸೀವರ್‌ವರೆಗೆ ಎಳೆಯಿರಿ, ಎಲ್ಲೂ ಸಿಕ್ಕಬಾರದು. ಬೋಲ್ಟ್ ಹಾಕಿ, ಖಾಲಿ ರೈಫಲ್‌ನಲ್ಲೇ ಸೇಫ್ಟಿ ಹಾಕಿ ಟ್ರಿಗರ್ ಎಳೆಯಿರಿ, ಬಿಡಿ, ಸೇಫ್ಟಿ ತೆಗೆಯಿರಿ. ಏನೂ ಆಗಬಾರದು. ಬೋಲ್ಟನ್ನು ಜೋರಾಗಿ ಮುಚ್ಚಿದರೂ, ಬಟ್ಟನ್ನು ರಬ್ಬರ್ ಮೇಲೆ ತಟ್ಟಿದರೂ ಸ್ಟ್ರೈಕರ್ (ಗುಂಡಿಗೆ ಬಡಿಯುವ ಮೊಳೆ) ಬೀಳಬಾರದು. ಇದರಲ್ಲಿ ಒಂದು ತಪ್ಪಿದರೂ ಗುಂಡು ಹಾಕಬೇಡಿ. ಎಲ್ಲ ಸರಿ ಇದ್ದರೂ ಮೊದಲ ಗುಂಡಿಗೆ ಮುಂಚೆ ಗನ್‌ಸ್ಮಿತ್ ಒಮ್ಮೆ ನೋಡಲಿ.

ಗುಂಡು ಹಾರಿಸುವುದು ಅನುಮತಿ ಇರುವ ಶೂಟಿಂಗ್ ರೇಂಜ್‌ನಲ್ಲಿ, ಕಣ್ಣಿಗೂ ಕಿವಿಗೂ ರಕ್ಷಣೆ ಹಾಕಿಕೊಂಡು. ಮೊದಲ ಕೆಲವು ಗುಂಡುಗಳಾದ ಮೇಲೆ ಸ್ಕ್ರೂ ಮತ್ತೆ ನೋಡಿ, ಸಡಿಲ ಆಗಿದ್ದರೆ ಮರ ಇನ್ನೂ ಅಮುಕುತ್ತಿದೆ ಅಂತ. ಟ್ಯಾಂಗ್‌ನ ಹಿಂದೆ, ಲಗ್‌ನ ಹತ್ತಿರ, ಮ್ಯಾಗಜೀನ್ ಮೂಲೆಗಳಲ್ಲಿ ಬಿರುಕು ಹುಡುಕಿ. ಬ್ಯಾರಲ್ ಬಿಸಿಯಾದಂತೆ ಗುಂಡುಗಳು ಒಂದೇ ದಿಕ್ಕಿಗೆ ಸಾಲಾಗಿ ಸರಿಯುತ್ತಿದ್ದರೆ ಬ್ಯಾರಲ್ ಎಲ್ಲೋ ಮರಕ್ಕೆ ತಾಗುತ್ತಿರಬಹುದು. ಎಲ್ಲೆಂದರಲ್ಲಿ ಚೆಲ್ಲುತ್ತಿದ್ದರೆ ಮೊದಲು ಸ್ಕೋಪ್ ಸ್ಕ್ರೂ, ಆಮೇಲೆ ಮ್ಯಾಗಜೀನ್ ಡಬ್ಬಿ, ಆಮೇಲೆ ಲಗ್, ಈ ಕ್ರಮದಲ್ಲಿ ನೋಡಿ.

ಕಾಡಿನಲ್ಲಿ ಓಡಾಡಿದ ಮೇಲೆ ತಗ್ಗು ಬೀಳುವುದು ಇದ್ದದ್ದೇ. ಎಳೆ ಹರಿಯದೆ ಬರೀ ಅಮುಕಿದ್ದರೆ ಅದರ ಮೇಲೆ ಒದ್ದೆ ಬಟ್ಟೆ ಇಟ್ಟು ಬಿಸಿ ಇಸ್ತ್ರಿಪೆಟ್ಟಿಗೆಯ ತುದಿ ಒತ್ತಿ. ಆವಿಗೆ ಎಳೆ ಉಬ್ಬಿ ತಗ್ಗು ಮೇಲೇಳುತ್ತದೆ. ಒಣಗಿದ ಮೇಲೆ ಅಷ್ಟು ಜಾಗಕ್ಕೆ ಮಾತ್ರ ಉಜ್ಜಿ, ಎರಡು ಹನಿ ಎಣ್ಣೆ ತಿಕ್ಕಿದರೆ ಗುರುತೂ ಉಳಿಯುವುದಿಲ್ಲ. ಎಳೆ ಹರಿದಿದ್ದರೆ ಈ ಉಪಾಯ ನಡೆಯುವುದಿಲ್ಲ, ಕೆರೆದು ಸಮ ಮಾಡಬೇಕಾಗುತ್ತದೆ.